ಕೀಲಿನ ಬದಿಯಲ್ಲಿ ಕಾಯುವ ಮುದುಕಿ

ಬೆಳಗಿನ ಐದೂಕಾಲು. ಮನೆಯ ಮುಂಬಾಗಿಲು ತೆರೆದಿದೆ. ತಣ್ಣನೆಯ ಗಾಳಿ ಒಳಗೆ ಸುಳಿಯುತ್ತಿದೆ. ಆದರೂ ಹೊರಗೆ ಹೋಗಬೇಕಾದ ಮುದಿನಾಯಿ ಬಾಗಿಲ ಕೀಲಿನ ಬದಿಯ ಸಂದಿಗೆ ಮೂಗು ಒತ್ತಿಕೊಂಡು, ಅಲ್ಲಿಯೇ ದಾರಿ ತೆರೆದೀತೆಂದು ಕಾಯುತ್ತ ನಿಂತಿದೆ. ಐವತ್ತೆಂಟರ ಬಡಗಿ ಮಂಡಿಯೂರಿ, ಅದರ ಹೊಟ್ಟೆಯ ಕೆಳಗೆ ಹಳೆಯ ಟವೆಲ್ ತೂರಿಸಿ, ಸೋತ ಹಿಂಗಾಲುಗಳ ಭಾರವನ್ನು ತಮ್ಮ ಕೈಗೆ ತೆಗೆದುಕೊಂಡು, ಒಂದೊಂದೇ ಹೆಜ್ಜೆ ತಿರುಗಿಸುತ್ತಾರೆ.

"ಈ ಕಡೆ ಕಣೇ ಮುದುಕಿ. ಗೋಡೆ ಯಾವತ್ತಾದ್ರೂ ದಾರಿ ಬಿಡುತ್ತಾ?"

ಮೂವತ್ತಮೂರು ವರ್ಷಗಳಿಂದ ಮನೆಮನೆಗೆ ಬಾಗಿಲು ಕೂರಿಸುತ್ತ ಬಂದಿರುವ ಇವರು ಬಡಾವಣೆಯವರಿಗೆಲ್ಲ 'ಬಾಗಿಲಣ್ಣ'. ತಾವು ಕೂರಿಸಿದ ಬಾಗಿಲು ಕಿರುಗುಟ್ಟಿದರೆ ಅದನ್ನು ತಮ್ಮ ಮಾನದ ಪ್ರಶ್ನೆಯೆಂದೇ ಎಣಿಸುವವರು. ಹದಿನೈದು ವರ್ಷಗಳ ಹಿಂದೆ, ಅರ್ಧ ಕಟ್ಟಿದ ಮನೆಯೊಂದರ ಮರದ ಹೊಟ್ಟಿನ ರಾಶಿಯಲ್ಲಿ ಈ ನಾಯಿ ಅಂಗೈಯಗಲದ ಮರಿಯಾಗಿ ಸಿಕ್ಕಿತು. ಅಂದಿನಿಂದ ಸ್ಕೂಟರಿನ ಮುಂದೆ ಕುಳಿತು ಪ್ರತಿ ಕೆಲಸಕ್ಕೂ ಹೋಯಿತು. ಹೊಸ್ತಿಲಲ್ಲಿ ಮಲಗಿ ಉಳಿ ಸುತ್ತಿಗೆಗಳನ್ನು ಕಾಯಿತು. ಈಗ ಹದಿನಾಲ್ಕು ತಿಂಗಳಿಂದ ಅದಕ್ಕೆ ಮರೆವು. "ಮನುಷ್ಯರಿಗೆ ವಯಸ್ಸಾದ ಮೇಲೆ ಬರೋ ಕಾಯಿಲೆಯಂಥದ್ದೇ. ನಿಧಾನ ಮಾಡಬಹುದು, ವಾಸಿ ಆಗಲ್ಲ," ಎಂದು ಪಶುವೈದ್ಯೆ ಆಗಲೇ ಹೇಳಿದ್ದಾರೆ.

ಕಸುಬುದಾರನ ಬುದ್ಧಿ ಅಷ್ಟು ಸುಲಭಕ್ಕೆ ಸೋಲೊಪ್ಪುವುದಿಲ್ಲ. ನಾಯಿ ತಪ್ಪು ಬದಿಗೆ ಹೋಗುತ್ತಿದೆಯೆಂದರೆ ಬಾಗಿಲೇ ತಪ್ಪಿರಬೇಕು ಎಂದುಕೊಂಡ ಬಾಗಿಲಣ್ಣ, ಒಂದು ಭಾನುವಾರ ಬಾಗಿಲನ್ನೇ ಕಳಚಿ, ಚೌಕಟ್ಟಿನ ಆಚೆ ಬದಿಯಲ್ಲಿ ಹೊಸದಾಗಿ ಕೀಲುಗಳನ್ನು ಕೂರಿಸಿದರು. "ಊರಿಗೆಲ್ಲ ಅಳತೆ ನೋಡಿ ಬಾಗಿಲು ಹಾಕ್ತೀರಿ, ನಮ್ಮನೇದು ಮಾತ್ರ ನಾಯಿ ಹೇಳಿದ ಹಾಗೆ!" ಎಂದು ಹೆಂಡತಿ ನಕ್ಕರು. ಎರಡು ದಿನ ಮುದುಕಿ ನೇರವಾಗಿ ಹೊರಗೆ ನಡೆಯಿತು. ಮೂರನೆಯ ದಿನ ಹೊಸ ಕೀಲಿನ ಬದಿಗೇ ಹೋಗಿ ನಿಂತಿತು.

"ಅವತ್ತು ಉಳಿ ಕೆಳಗಿಟ್ಟೆ. ಕೆಟ್ಟಿರೋದು ಬಾಗಿಲಲ್ಲ ಅಂತ ಒಪ್ಪಿಕೊಳ್ಳೋಕೆ ಅಷ್ಟು ದಿನ ಬೇಕಾಯ್ತು ನಂಗೆ."

ದಿನಕ್ಕೆ ಎರಡು ಮಾತ್ರೆ, ಕೈತುತ್ತಿನಲ್ಲಿ ನಾಲ್ಕು ಬಾರಿ ಮೆದು ಅನ್ನ, ಟವೆಲಿನ ಆಸರೆಯಲ್ಲಿ ಆರು ಬಾರಿ ಅಂಗಳ, ಒಗೆಯಲು ಏಳೆಂಟು ಬಟ್ಟೆ. ಮಧ್ಯಾಹ್ನ ಮನೆಗೆ ಬಂದುಹೋಗಬೇಕಾದ್ದರಿಂದ ದೂರದ ಕೆಲಸಗಳನ್ನು ಅವರು ಒಪ್ಪುವುದೇ ಇಲ್ಲ. ಹೊತ್ತು ಇಳಿದಂತೆ ನಾಯಿಯ ದಿಗಿಲು ಏರುತ್ತದೆ. ಮೇಜಿನ ಸುತ್ತ ಸುತ್ತಿದ್ದೇ ಸುತ್ತುತ್ತದೆ. ಕಪಾಟಿನ ಹಿಂದೆ ತೂರಿ, ಹಿಂದಕ್ಕೆ ಹೆಜ್ಜೆಯಿಡಲು ತಿಳಿಯದೆ ಊಳಿಡುತ್ತದೆ. ಹೋದ ವಾರ ಹಾಗೆ ಸಿಕ್ಕಿಕೊಂಡದ್ದನ್ನು ಬಿಡಿಸಲು ಕೈಹಾಕಿದಾಗ, ಉಳಿ ಹಿಡಿಯುವ ಬಲಗೈಯನ್ನೇ ಕಚ್ಚಿತು. ಬಟ್ಟೆ ಸುತ್ತಿದ ಅಂಗೈಯನ್ನು ಅವರು ತೋರಿಸಲೊಲ್ಲರು.

"ಕಚ್ಚಿದ್ದಲ್ಲ ದೊಡ್ಡದು. ನನ್ನ ನೋಡಿ ನಡುಗಿದ್ಳಲ್ಲ... ಇಷ್ಟು ವರ್ಷದಲ್ಲಿ ಒಂದು ಸಲಾನೂ ಕೈ ಎತ್ತಿದವನಲ್ಲ ನಾನು."

ನೋವಿಲ್ಲದ ಸಾವು ಕೊಡಬಹುದೆಂದು ವೈದ್ಯೆ ಎರಡು ಸಲ ಸೂಚಿಸಿದ್ದರು. ಎರಡು ಸಲವೂ ಬಾಗಿಲಣ್ಣ ಮಾತು ತೇಲಿಸಿದ್ದರು. ಈ ವಾರ ಕೈತುತ್ತೂ ನಾಯಿಯ ಗಂಟಲಿಳಿಯದಾದಾಗ ಅವರೇ ಫೋನ್ ಮಾಡಿದ್ದಾರೆ.

"ಶುಕ್ರವಾರ ಸಂಜೆ ಮನೆಗೇ ಬರ್ತೀನಿ ಅಣ್ಣ," ಎಂದರು ವೈದ್ಯೆ.

"ಸಂಜೆ ಬೇಡ ಮೇಡಂ. ಸಂಜೆ ಅವಳಿಗೆ ಎಲ್ಲಾದಕ್ಕೂ ಭಯ. ಬೆಳಗ್ಗೆ ಬನ್ನಿ, ಬಿಸಿಲು ಅಂಗಳಕ್ಕೆ ಬರೋ ಹೊತ್ತಿಗೆ."

ಆ ಹೊತ್ತಿನಲ್ಲಿ, ಕೆಲವೇ ನಿಮಿಷ, ಮುದುಕಿ ಒಡೆಯನ ಮೊಣಕೈ ಮೂಸುತ್ತದೆ. ಬಾಲ ಒಂದೆರಡು ಸಲ ಅಲುಗುತ್ತದೆ. ಅದನ್ನು ಬಲ್ಲ ಹೆಂಡತಿಗೆ ತಡೆಯಲಾಗಲಿಲ್ಲ.

"ದಿನಕ್ಕೆ ಅದೊಂದು ಹೊತ್ತು ತಾನೇ ನಿಮ್ಮ ಗುರುತು ಹಿಡಿಯೋದು? ಅದನ್ನೂ ಬಿಟ್ಟುಕೊಡ್ತೀರಾ?"

ಬಾಗಿಲಣ್ಣ ನಾಯಿಯ ತಲೆಯನ್ನು ತಮ್ಮ ತೊಡೆಗೆ ಸರಿಸಿಕೊಳ್ಳುತ್ತಾರೆ.

"ಗುರುತು ಇರೋವಾಗ್ಲೇ ಹೋಗ್ಲಿ ಕಣೇ. ಯಾರೋ ಗೊತ್ತಿಲ್ಲದವನ ತೊಡೆ ಮೇಲೆ ಅವಳು ಯಾಕೆ ಸಾಯಬೇಕು?"