ಡಬ್ಬಿಯ ಮೇಲಿನ ಭಂಡಾರ

ನಾನು ಮಾಡಿಕೊಟ್ಟ ಚಹಾ ಕುಡಿಯುವ ಮುಂಚೆ ನನ್ನ ಅತ್ತೆ ಲೋಟದೊಳಗೆ ಇಣುಕಿ ನೋಡಲು ಶುರುಮಾಡಿದ್ದು ನಾನು ಜೇಡ ತಂದ ಮರುದಿನದಿಂದ. ನೊಣ ಬಿದ್ದಿರಬೇಕು ಅಂದುಕೊಂಡೆ. ಆಮೇಲೆ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸುವುದೂ ಸೇರಿಕೊಂಡಿತು. ಮೈಯೆಲ್ಲ ಉರಿದುಹೋಯಿತು ನನಗೆ. ಜೇಡದ ವಿಷ ಹಿಂಡಿ ಚಹಾಕ್ಕೆ ಬೆರೆಸುತ್ತಾ ಕೂರಲು ನನಗೇನು ಬೇರೆ ಕೆಲಸ ಇರಲಿಲ್ಲವೇ?

ನಾನು ದಾವಣಗೆರೆಯವಳು. ಮದುವೆಯಾಗಿ ಕೊಟ್ಟೂರಿಗೆ ಬಂದು ಆಗ ಇನ್ನೂ ವರ್ಷ ತುಂಬಿರಲಿಲ್ಲ. ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಫ್ಲೆಕ್ಸ್ ಮಾಡಿಕೊಡುವ ಅಂಗಡಿ, ಅತ್ತೆಗೆ ಕುರಿ. ಊರಂಚಿನ ಮನೆ, ಹಿತ್ತಲಲ್ಲಿ ಕುರಿಹಟ್ಟಿ, ಒಳಗೆ ದೇವರ ಗೂಡಿನ ಪಕ್ಕದ ಗೂಟಕ್ಕೆ ಮೈಲಾರದಿಂದ ತಂದ ಭಂಡಾರದ ಚೀಲ. ಸಂತೆಯಿಂದ ಹೊಸ ಕುರಿ ಬಂದರೆ ಅದನ್ನು ಸೀದಾ ಹಿಂಡಿಗೆ ಬಿಡುವ ಹಾಗಿಲ್ಲ. ಬೇವಿನ ಮರಕ್ಕೆ ಕಟ್ಟಿ, ಅದರ ಕಣ್ಣು, ಕಾಲು, ಕೆಮ್ಮು ಎಲ್ಲ ಅತ್ತೆ ನೋಡುತ್ತಾರೆ. ಮನಸ್ಸಿಗೆ ಬಂದ ದಿನ ಚೀಲಕ್ಕೆ ಕೈ ಹಾಕಿ, ದೇವರ ಆ ಅರಿಶಿನವನ್ನು ಅದರ ಹಣೆಗೆ ಒತ್ತುತ್ತಾರೆ. ಅಲ್ಲಿಗೆ ಅದು ಮನೆಯದು. ಆಮೇಲೆ ಅದು ಪಕ್ಕದವರ ಮೆಂತ್ಯದ ಮಡಿಗೆ ಬಾಯಿ ಹಾಕಿದರೂ ಅತ್ತೆ ಅದರ ಪರವೇ ಜಗಳಕ್ಕೆ ನಿಲ್ಲುತ್ತಾರೆ.

ಜೇಡ ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ ನನ್ನ ಜೊತೆ ಪ್ರಾಣಿಶಾಸ್ತ್ರ ಓದಿದ ಗೆಳತಿಯಿಂದ. ಇಂಥವನ್ನು ಸಾಕುವುದು ಅವಳ ಹುಚ್ಚು. ಊರು ಬಿಟ್ಟು ಹೋಗುವಾಗ, ನಾನು ಎಷ್ಟೋ ವರ್ಷದಿಂದ ಆಸೆಪಟ್ಟಿದ್ದ ಒಂದು ಟರಂಟುಲಾವನ್ನು ನನ್ನ ಕೈಗೆ ಕೊಟ್ಟಳು. ಹೊರದೇಶದ ತಳಿ, ಅವಳ ಮನೆಯಲ್ಲೇ ಮರಿಯಿಂದ ಬೆಳೆದದ್ದು, ಕಾಗದಪತ್ರವೆಲ್ಲ ಸರಿ ಇತ್ತು. ಅಂಗೈಯಷ್ಟು ಅಗಲ, ಮೈತುಂಬ ಕಂದು ರೋಮ. ಆ ಮನೆಯಲ್ಲಿ ನನ್ನದು ಅಂತ ಹೇಳಿಕೊಳ್ಳಲು ಬಟ್ಟೆಬರೆ ಬಿಟ್ಟರೆ ಏನೂ ಇರಲಿಲ್ಲ. ಇದಾದರೂ ಇರಲಿ ಅನ್ನಿಸಿತ್ತು.

ಅತ್ತೆ ಡಬ್ಬಿಯ ಸುತ್ತ ಒಂದು ಸುತ್ತು ಬಂದು ಕೇಳಿದರು: "ಹಾಲು ಕೊಡಂಗಿಲ್ಲ, ಗೊಬ್ರ ಕೊಡಂಗಿಲ್ಲ, ಮನಿ ಕಾಯಂಗಿಲ್ಲ. ಮತ್ತ್ಯಾಕ ಇದು?"

ನೋಡಲಿಕ್ಕೆ, ಅಂದೆ. ಅವರು ನನ್ನನ್ನು ನೋಡಿದರು, ಜೇಡವನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಬೇಡ ಅನ್ನಲಿಲ್ಲ. ಅಮಾವಾಸ್ಯೆ ಆಗಲಿ, ಆಮೇಲೆ ಹೇಳುತ್ತೇನೆ ಅಂದರು. ಅವ್ವ ಹ್ಞೂಂ ಅಂದರೆ ಇರುತ್ತದೆ, ಇಲ್ಲವೆಂದರೆ ಇದನ್ನು ವಾಪಸ್ ಕೊಡಬೇಕು ಎಂದು ಗಂಡ ರಾತ್ರಿ ನನಗೆ ಬಿಡಿಸಿ ಹೇಳಿದರು. ವಾಪಸ್ ಎಲ್ಲಿಗೆ? ಗೆಳತಿ ಆಗಲೇ ಊರು ಬಿಟ್ಟಾಗಿತ್ತು.

ಆದರೂ ಅದಕ್ಕೆ ಮನೆ ಹೂಡಿದೆ. ಎತ್ತರ ಇದ್ದರೆ ಹತ್ತಿ ಬಿದ್ದು ಹೊಟ್ಟೆ ಒಡೆದುಕೊಳ್ಳುತ್ತದೆ ಎಂದು ಗೆಳತಿ ಎಚ್ಚರಿಸಿದ್ದರಿಂದ, ಬೇಕರಿಯವರಿಂದ ಅಗಲವಾದ, ಗಿಡ್ಡನೆಯ, ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ ಡಬ್ಬಿ ತಂದೆ. ಮೊಳೆ ಕಾಸಿ ಮುಚ್ಚಳಕ್ಕೆ ಗಾಳಿಯ ತೂತು ಹಾಕಿದೆ. ಹಿತ್ತಲ ಮಣ್ಣು ಬೇಡವೇ ಬೇಡ, ಅಲ್ಲಿ ಕುರಿಗಳಿಗೆ ಹೇನಿನ ಔಷಧಿ ಹೊಡೆಯುತ್ತಾರೆ. ಜೇಡಕ್ಕೆ ಅದರ ವಾಸನೆಯೇ ಸಾಕು ಸಾಯಲು. ತೆಂಗಿನ ನಾರಿನ ಪುಡಿ ನೆನೆಸಿ, ಹಿಂಡಿ, ದಪ್ಪಗೆ ಹಾಸಿದೆ. ಒಡೆದ ಕುಡಿಕೆಯೊಂದನ್ನು ಅರ್ಧ ಹೂತು ಗುಹೆ ಮಾಡಿದೆ. ಸೋಡಾ ಬಾಟಲಿಯ ಮುಚ್ಚಳದಲ್ಲಿ ನೀರಿಟ್ಟೆ. ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡಿದ ಅತ್ತೆ, ತಮಗೂ ಯಾರೂ ಇಷ್ಟು ನಾಜೂಕಾಗಿ ಮನೆ ಹೂಡಿಕೊಟ್ಟಿರಲಿಲ್ಲ ಎಂದು ಗೊಣಗಿ ಹೋದರು. ಹೊಟ್ಟೆಕಿಚ್ಚು ಅಂದುಕೊಂಡೆ.

ಜೇಡ ಕುಡಿಕೆಯೊಳಗೆ ಹೊಕ್ಕು ಬಾಗಿಲಿಗೆ ಬಲೆ ನೇಯ್ದುಕೊಂಡಿತು. ಕೊಟ್ಟ ಜಿರಳೆಯನ್ನು ತಿಂದಿತು. ನಾನು ಹಿಗ್ಗಿ ಹೀರೇಕಾಯಿ ಆದೆ. ಆದರೆ ಕೆಲವೇ ದಿನಕ್ಕೆ ತಿನ್ನುವುದನ್ನು ಬಿಟ್ಟಿತು. ಮೈಯ ಬಣ್ಣ ಮಂಕಾಯಿತು. ಜಿರಳೆ ಅದರ ಮುಂದೆಯೇ ಓಡಾಡಿದರೂ ಕಾಲು ಎತ್ತಲಿಲ್ಲ. ನನ್ನ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಯಾರೋ ಏನೋ ಮಾಡುತ್ತಿದ್ದಾರೆ. ಯಾರೋ ಅಂದರೆ ಇನ್ಯಾರು? ಮನೆಯಲ್ಲಿದ್ದವರು ಮೂವರು. ನಾನು ಮಕ್ಕಳಿಗೆ ಟ್ಯೂಷನ್ ಹೇಳಿ ಬರುವಷ್ಟರಲ್ಲಿ ಡಬ್ಬಿ ಒಂದಿಷ್ಟು ಸರಿದಿರುತ್ತಿತ್ತು. ಬೆಳಿಗ್ಗೆ ಅರ್ಧ ಆರಿದ್ದ ನೀರು ಸಂಜೆ ತುಂಬಿರುತ್ತಿತ್ತು. ನಾನು ತುಂಬಿಸಿರಲಿಲ್ಲ. ಗಂಡನನ್ನು ಕೇಳಿದರೆ, ಆ ಡಬ್ಬಿ ಇರುವ ಕೋಣೆಗೆ ಹೋಗಲಿಕ್ಕೇ ತಮಗೆ ಭಯ ಅಂದರು. ಆ ನೀರನ್ನು ಬೆರಳಿಗೆ ಹಚ್ಚಿಕೊಂಡು ಮೂಸಿ ನೋಡಿದೆ. ನೀರಿನ ವಾಸನೆಯೇ. ಆದರೂ ಚೆಲ್ಲಿ ಬೇರೆ ಹಾಕಿದೆ. ಅತ್ತೆ ನನ್ನ ಲೋಟ ಇಣುಕುತ್ತಿದ್ದರು, ನಾನು ಜೇಡದ ಲೋಟ ಇಣುಕುತ್ತಿದ್ದೆ.

ಕೊನೆಗೆ ನನ್ನದೊಂದು ಕೂದಲು ಕಿತ್ತು, ಮುಚ್ಚಳಕ್ಕೂ ಡಬ್ಬಿಗೂ ಅಡ್ಡವಾಗಿ ಎಂಜಲಿನಿಂದ ಅಂಟಿಸಿ ಹೋದೆ. ಬಂದು ನೋಡಿದರೆ ಕೂದಲು ಹರಿದಿತ್ತು. ಅತ್ತೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದರು, ಏನೂ ಅರಿಯದವರ ಹಾಗೆ. ರಾತ್ರಿ ಗಂಡನಿಗೆ ಹೇಳಿದೆ. ನಮ್ಮವ್ವ ಅಂಥಾಕಿ ಅಲ್ಲ ಅಂದರು. ಎಲ್ಲ ಗಂಡಸರೂ ತಮ್ಮ ಅವ್ವನ ಬಗ್ಗೆ ಹೇಳುವುದು ಅದನ್ನೇ. ಸಾಕ್ಷಿ ಕೈಗೆ ಸಿಗಲಿ, ಆಮೇಲೆ ನೋಡಿಕೊಳ್ಳುತ್ತೇನೆ ಎಂದು ಬಾಯಿ ಮುಚ್ಚಿಕೊಂಡೆ.

ಅಮಾವಾಸ್ಯೆ ಬಂತು. ಅತ್ತೆ ಬೆಳಿಗ್ಗೆ ಮನೆ ಸಾರಿಸಿ, ದೇವರ ಪೂಜೆಗೆ ಕೂತರು. ನಾನು ಟ್ಯೂಷನ್‌ಗೆ ಹೋದೆ. ಮಧ್ಯಾಹ್ನ ಬಂದು ಕೋಣೆಯ ಬಾಗಿಲು ತೆರೆದೆ. ಡಬ್ಬಿಯ ಮುಚ್ಚಳದ ಮೇಲೆ ಹಳದಿ ಪುಡಿ. ಗಾಳಿಯ ತೂತಿನಿಂದ ಒಂದಿಷ್ಟು ಒಳಗಿನ ನಾರಿನ ಮೇಲೂ ಉದುರಿತ್ತು. ಅದರ ಪಕ್ಕದಲ್ಲಿ, ಕುಡಿಕೆಯಿಂದ ಹೊರಗೆ, ನನ್ನ ಜೇಡ ಅಂಗಾತ ಬಿದ್ದಿತ್ತು. ಕಾಲುಗಳೆಲ್ಲ ಮೇಲೆ.

ದಾವಣಗೆರೆಯಲ್ಲಿ ನಮ್ಮಮ್ಮ ಸಕ್ಕರೆ ಡಬ್ಬಿಗೆ ಇರುವೆ ಬಂದರೆ ಸುತ್ತಲೂ ಅರಿಶಿನ ಎರಚುತ್ತಿದ್ದಳು. ಅರಿಶಿನ ಅಂದರೆ ಹುಳಹುಪ್ಪಟೆ ಓಡಿಸುವುದಕ್ಕೆ ಎನ್ನುವುದು ನನ್ನ ತಲೆಯಲ್ಲಿ ಚಿಕ್ಕಂದಿನಿಂದ ಕೂತಿದ್ದ ವಿಷಯ. ಇನ್ನೇನು ಬೇಕಿತ್ತು ಸಾಕ್ಷಿ?

ಅತ್ತೆ ಅಂಗಳದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ಪಕ್ಕದ ಮನೆಯ ಹೆಂಗಸರಿಬ್ಬರೂ ಕೂತಿದ್ದರು. ಅವರಿದ್ದಾರೆ ಅಂತ ನಾನು ದನಿ ತಗ್ಗಿಸಲಿಲ್ಲ. ನಿಜ ಹೇಳಬೇಕೆಂದರೆ ಏರಿಸಿದೆ.

"ಕೊಂದ್ರಲ್ಲ ಅತ್ತೆ. ಬೇಡ ಅಂತ ಬಾಯಿಬಿಟ್ಟು ಹೇಳಿದ್ರೆ ಆಗ್ತಿತ್ತು. ಇರುವೆಗೆ ಹಾಕಿದಂಗೆ ಅರಿಶಿನ ಹಾಕಿ ಕೊಂದ್ರಿ. ನಾಳೆ ನನಗೂ ಹಂಗೇ ಹಾಕಿ ಹೊರಗೆ ಕಳಿಸ್ರಿ."

ಅವರ ಕೈ ನಿಂತಿತು. ನಾನು ಒಳಗೆ ಬಂದು, ಒದ್ದೆ ಬಟ್ಟೆ ತಂದು, ಮುಚ್ಚಳದ ಮೇಲಿನ ಹಳದಿಯನ್ನು ಗಸಗಸ ಒರೆಸಿದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು. ಹೆಣವನ್ನಾದರೂ ಹಿತ್ತಲಲ್ಲಿ ಮಣ್ಣು ಮಾಡೋಣ ಎಂದು ಮುಚ್ಚಳಕ್ಕೆ ಕೈ ಹಾಕುವ ಮುಂಚೆ, ಗೆಳತಿಗೆ ಫೋನ್ ಮಾಡಿದೆ, ಸತ್ತ ಸುದ್ದಿ ಹೇಳಲು. ಅವಳು ನನ್ನ ಮಾತು ಮುಗಿಯಲು ಬಿಡಲಿಲ್ಲ. ಮುಟ್ಟಬೇಡ, ಡಬ್ಬಿ ಅಲ್ಲಾಡಿಸಲೂ ಬೇಡ ಅಂದಳು. ಸತ್ತ ಜೇಡ ಕಾಲು ಮುದುಡಿಕೊಂಡು ಕವುಚಿ ಕೂರುತ್ತದೆ. ಅಂಗಾತ ಬಿದ್ದಿದೆ ಎಂದರೆ ಪೊರೆ ಬಿಡುತ್ತಿದೆ. ಊಟ ಬಿಟ್ಟದ್ದು, ಬಣ್ಣ ಮಂಕಾದದ್ದು ಎಲ್ಲ ಅದಕ್ಕೇ. ಮೊದಲೇ ಹೇಳಿದ್ದೆನಲ್ಲ, ಅಂದಳು. ಹೇಳಿದ್ದಳು. ಕೂದಲು ಅಂಟಿಸುವ ಭರದಲ್ಲಿ ನನಗೆ ಅದು ಮರೆತೇ ಹೋಗಿತ್ತು.

ಡಬ್ಬಿಯ ಮುಂದೆ ಕೂತೆ. ಬಹಳ ಹೊತ್ತಿನ ಮೇಲೆ ಒಂದು ಕಾಲು ಅಲುಗಿತು. ಹಳೆಯ ಚರ್ಮ ಅಂಗಿಯ ಹಾಗೆ ಸಡಿಲವಾಗಿ, ಅದರೊಳಗಿನಿಂದ ಬಿಳಚಿದ, ಮೆತ್ತಗಿನ ಕಾಲುಗಳು ಒಂದೊಂದಾಗಿ ಹೊರಬಂದವು. ಹಿಂದೆ ಯಾರೋ ನಿಂತ ಹಾಗಾಯಿತು. ಅತ್ತೆ.

ಅವರು ಬಗ್ಗಿ ನೋಡಿದರು. ಅವರ ಕಣ್ಣು ಜೇಡದ ಮೇಲೆ ಒಂದಿಷ್ಟು ಹೊತ್ತು ನಿಂತು, ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆಯ ಕಡೆ ಬಂತು. ಬಟ್ಟೆ ಹಳದಿಯಾಗಿತ್ತು.

"ಇರುವಿಗೆ ಹಾಕೋದು ಅಡಿಗಿಮನ್ಯಾಗ ಐತಿ," ಅಂದರು. "ಇದು ಮೈಲಾರಪ್ಪಂದು."

ಬೇವಿನ ಮರದ ಕುರಿ, ಹಣೆಗೆ ಒತ್ತುವ ಬೆರಳು, ಎಲ್ಲ ಕಣ್ಮುಂದೆ ಬಂತು. ಅಮಾವಾಸ್ಯೆಗೆ ಹೇಳುತ್ತೇನೆ ಎಂದಿದ್ದ ಮಾತನ್ನು ಅವರು ಹೇಳಿಯಾಗಿತ್ತು. ಇಷ್ಟು ದಿನ ನೀರು ಹಾಕಿದವರೂ ಅವರೇ. ನಾನು ಏನೋ ಹೇಳಲು ಹೋದೆ.

"ನಿನಗೂ ಹಚ್ಚಿದ್ನಿ," ಅಂದರು ಅತ್ತೆ. "ಲಗ್ನ ಆಗಿ ಬಂದ ದಿನ, ಬಾಗಲದಾಗ. ಅವತ್ತೂ ಹಿಂಗ ಒರಿಸಿಕೊಂಡಿ."

ಒರೆಸಿಕೊಂಡಿದ್ದೆ. ಹೊಸ್ತಿಲ ಮೇಲೆ, ಮೇಕಪ್ ಕೆಟ್ಟಿತು ಅಂತ, ಕರ್ಚೀಫಿನಿಂದ, ಅವರ ಎದುರಿಗೇ. ಅದು ನನಗೆ ನೆನಪಿನಲ್ಲಿ ಉಳಿಯುವಷ್ಟು ದೊಡ್ಡ ವಿಷಯವೂ ಆಗಿರಲಿಲ್ಲ. ತಪ್ಪಾಯ್ತು ಅಂದೆ. ಆತು ಬಿಡು ಅಂದು, ಜೋಳ ತುಂಬಿಡಲು ಹೋದರು.

ಜೇಡ ಈಗಲೂ ಇದೆ, ಮೊದಲಿಗಿಂತ ದೊಡ್ಡದಾಗಿ, ಮಿರಿಮಿರಿ ಮಿಂಚುವ ಕಂದು ಬಣ್ಣದಲ್ಲಿ. ಪಕ್ಕದ ಮನೆಯವರು ಯಾರಾದರೂ ಅದನ್ನು ಅಸಹ್ಯ ಅಂದರೆ ಅತ್ತೆ ಅವರ ನೀರಿಳಿಸುತ್ತಾರೆ. ಚಹಾದ ಲೋಟ ಇಣುಕುವುದು ನಿಂತಿದೆ. ಅಮಾವಾಸ್ಯೆ ಬಂದಾಗ ಹಟ್ಟಿಯ ಕುರಿಗಳಿಗೆ ಹಚ್ಚಿ, ಒಳಗೆ ಬಂದು, ತೂತಿಲ್ಲದ ಕಡೆ ನೋಡಿ ಡಬ್ಬಿಗೂ ಒಂದು ಚಿಟಿಕೆ ಭಂಡಾರ ಹಚ್ಚುತ್ತಾರೆ. ನಾನು ಪಕ್ಕದಲ್ಲೇ ನಿಂತಿರುತ್ತೇನೆ, ಹಣೆ ತೊಳೆದುಕೊಂಡು, ಕುಂಕುಮವನ್ನೂ ಇಟ್ಟುಕೊಳ್ಳದೆ. ನನ್ನ ಹಣೆಗೆ ಮಾತ್ರ ಹಚ್ಚುವುದಿಲ್ಲ. ಮರೆಯುತ್ತಾರೋ, ಬೇಕಂತಲೇ ಬಿಡುತ್ತಾರೋ, ಅವರ ಮುಖ ನೋಡಿದರೆ ಇವತ್ತಿಗೂ ಗೊತ್ತಾಗುವುದಿಲ್ಲ. ಚೀಲದ ಬಾಯಿ ಕಟ್ಟಿ ಮತ್ತೆ ಗೂಟಕ್ಕೆ ಹಾಕುತ್ತಾರೆ.