ವಿಲ್ಮಾ ಸಿಗರೇಟು ಬಿಟ್ಟ ಚಳಿಗಾಲ

ವಿಲ್ಮಾ ಹಾಲ್ಕ್ರೋ ಸಿಗರೇಟು ಬಿಟ್ಟದ್ದು ಗಂಡ ಬೈದನೆಂದಲ್ಲ, ಪೊಟ್ಟಣದ ಮೇಲಿನ ಕೊಳೆತ ಶ್ವಾಸಕೋಶದ ಚಿತ್ರ ನೋಡಿಯೂ ಅಲ್ಲ. ಒಂದು ಮೊಳೆ ನುಂಗಿದ್ದರಿಂದ.

ಶೆಟ್ಲೆಂಡ್ ದ್ವೀಪದ ಲರ್ವಿಕ್ ಊರಿನಲ್ಲಿ, ಬಂದರಿಗೆ ಇಳಿಯುವ ಓಣಿಯ ಕೊನೆಯಲ್ಲಿ ಅವಳ ಕಾರ್ಯಾಗಾರ. ಹರಿದ ಸೋಫಾ, ಕುಸಿದ ಆರಾಮಕುರ್ಚಿ, ಮೀನು ದೋಣಿಯ ಚಾಲಕರ ಸೀಟು, ಎಲ್ಲಕ್ಕೂ ಹೊಸ ಮೆತ್ತೆ ಕೂರಿಸಿ ಬಟ್ಟೆ ಹೊದಿಸಿಕೊಡುವುದು ಅವಳ ಕಸುಬು. ಆ ಕಸುಬಿನವರು ಸಣ್ಣ ಮೊಳೆಗಳನ್ನು ಹಿಡಿಗಟ್ಟಲೆ ಬಾಯಿಗೆ ಹಾಕಿಕೊಳ್ಳುತ್ತಾರೆ. ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಳ್ಳಿದರೆ ಆಯಸ್ಕಾಂತದ ಸುತ್ತಿಗೆ ಅದನ್ನು ಕಚ್ಚಿಕೊಂಡು ಹೋಗಿ ಮರಕ್ಕೆ ಬಡಿಯುತ್ತದೆ. ಎರಡೂ ಕೈ ಬಟ್ಟೆ ಎಳೆಯುವುದರಲ್ಲಿ, ಬಡಿಯುವುದರಲ್ಲಿ ಇರುವಾಗ ಬಾಯಿಯೇ ಡಬ್ಬಿ. ವಿಲ್ಮಾ ಇದನ್ನು ಹದಿನಾರನೆಯ ವಯಸ್ಸಿನಿಂದ ಮಾಡಿಕೊಂಡು ಬಂದವಳು. ಸಿಗರೇಟನ್ನೂ ಹೆಚ್ಚುಕಡಿಮೆ ಅದೇ ವಯಸ್ಸಿನಿಂದ.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಬಾಯಿತುಂಬ ಮೊಳೆ ಇರುವಾಗಲೇ ಕೆಮ್ಮು ಬಂತು. ಬಾಯಲ್ಲಿದ್ದದ್ದನ್ನೆಲ್ಲ ಉಗುಳಿದಳು, ಒಂದು ಮಾತ್ರ ಒಳಗಿಳಿಯಿತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೊಳೆ ಹೊಟ್ಟೆಯಲ್ಲಿ ಅಚ್ಚುಕಟ್ಟಾಗಿ ಅಡ್ಡ ಮಲಗಿತ್ತು.

"ತಾನಾಗೇ ಹೊರಗೆ ಹೋಗತ್ತೆ," ಎಂದರು ಡಾಕ್ಟರಮ್ಮ. "ಆದ್ರೆ ಒಂದು ಮಾತು ವಿಲ್ಮಾ. ನಿಮ್ಮ ಬಾಯಲ್ಲಿ ಮೊಳೆ ಇರಬೇಕು ಅಂದ್ರೆ ಕೆಮ್ಮು ಇರಬಾರ್ದು. ಎರಡರಲ್ಲಿ ಯಾವುದನ್ನ ಬಿಡ್ತೀರಿ ನೋಡಿ."

ಮೊಳೆ ಅನ್ನ ಕೊಡುತ್ತಿತ್ತು. ಅವಳು ಸಿಗರೇಟನ್ನು ಬಿಟ್ಟಳು.

ಪಕ್ಕದ ದೋಣಿ ಸಾಮಾನಿನ ಅಂಗಡಿಯ ಮ್ಯಾನ್ಸಿ ಗೌಡಿಗೆ ಅದೊಂದು ವಾರ ಹಬ್ಬ. ಎಪ್ಪತ್ತು ದಾಟಿದ ಮುದುಕ, ಒಂದು ಕಾಲದಲ್ಲಿ ಹೆರಿಂಗ್ ಮೀನು ಹಿಡಿಯುವ ದೋಣಿಗಳ ಇಂಜಿನ್ ನೋಡಿಕೊಳ್ಳುತ್ತಿದ್ದವನು. ದಿನಾ ಬೆಳಿಗ್ಗೆ ಅವಳ ಬಾಗಿಲಿಗೆ ಬಂದು ಇಣುಕುವನು.

"ಬಂತಾ?"

"ನಿನಗೆ ಬೇರೆ ಕೆಲಸ ಇಲ್ವಾ?"

"ಬಂದ್ರೆ ಎಸೀಬೇಡ ಕಣೆ. ಅಂಗಡೀಲಿ ಆ ಅಳತೆದು ಖಾಲಿಯಾಗಿದೆ."

ವಿಲ್ಮಾ ಮತ್ತು ಮ್ಯಾನ್ಸಿ ಇಪ್ಪತ್ತು ವರ್ಷಗಳಿಂದ ಬಂದರಿನ ಗೋಡೆಯ ಬಳಿ ಜೊತೆಯಲ್ಲಿ ಸಿಗರೇಟು ಸೇದಿದವರು. ಅವಳ ಕೋಣೆಯಲ್ಲಿ ಫೋಮು, ಅಂಟು, ಹತ್ತಿ. ಅವನ ಅಂಗಡಿಯಲ್ಲಿ ಬಣ್ಣ, ಡೀಸೆಲ್ಲು. ಒಳಗೆ ಕಡ್ಡಿ ಗೀರಿದರೆ ಓಣಿಯೇ ಹಾರಿಹೋಗುವಂತಿತ್ತು. ಹಾಗಾಗಿ ಮಳೆಯಿರಲಿ, ಆಲಿಕಲ್ಲಿರಲಿ, ಇಬ್ಬರೂ ಕೋಟಿನ ಕಾಲರ್ ಎತ್ತಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವರು. ಮಾತಾಡುವರು, ಇಲ್ಲವೆ ಸುಮ್ಮನಿರುವರು.

ಅವಳು ಸಿಗರೇಟಿನ ಬದಲು ಸೇದುವ ಬ್ಯಾಟರಿ ಕೊಳವೆ, ವೇಪ್, ಕೊಂಡು ತಂದಾಗ ಮ್ಯಾನ್ಸಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಮೂಗಿನ ಹತ್ತಿರ ತಂದ.

"ಏನಿದು ವಾಸನೆ?"

"ಕಸ್ಟರ್ಡು."

"ಐವತ್ನಾಲ್ಕು ವರ್ಷದ ಹೆಂಗಸು ಪಾಯಸ ಸೇದ್ತಾಳೆ," ಎಂದು ಗೋಡೆಯ ಮೇಲಿದ್ದ ಕಡಲಹಕ್ಕಿಗೆ ಹೇಳಿದ.

ಆದರೆ ಪಾಯಸ ಕೆಲಸ ಮಾಡಿತು. ಆಗಸ್ಟ್, ಸೆಪ್ಟೆಂಬರ್ ಹೂವೆತ್ತಿದ ಹಾಗೆ ಕಳೆದವು. ಕೆಮ್ಮು ನಿಂತಿತು. ಬಂಗುಡೆಯ ರುಚಿ ನಾಲಿಗೆಗೆ ಮರಳಿ ಬಂತು. ಬೇಕರಿಯ ವ್ಯಾನ್ ಓಡಿಸುವ ಗಂಡ ಟ್ಯಾಮಿ, "ನಿನ್ನ ಕೂದಲಿಂದ ಕೂದಲಿನ ವಾಸನೆ ಬರ್ತಿದೆ," ಎಂದು ಆಶ್ಚರ್ಯಪಟ್ಟ. ಇನ್ನೊಂದು ಅನುಕೂಲ, ಹೊರಗೆ ಹೋಗಬೇಕಾಗಿರಲಿಲ್ಲ. ಬೆಂಕಿಯಿಲ್ಲ, ಬೂದಿಯಿಲ್ಲ. ಕೆಲಸದ ಮೇಜಿನ ಮೇಲೆಯೇ ವೇಪ್ ಇಟ್ಟುಕೊಂಡು ಬೇಕೆನಿಸಿದಾಗ ಒಂದು ಗುಟುಕು ಎಳೆದು ಮತ್ತೆ ಸುತ್ತಿಗೆ ಹಿಡಿಯುವಳು. ಎಷ್ಟು ಸಮಯ ಉಳಿಯಿತೆಂದು ಬೀಗಿದಳು. ಹೊರಗೆ ಮ್ಯಾನ್ಸಿ ಒಬ್ಬನೇ ನಿಂತಿರುತ್ತಿದ್ದ. ಮೊದಮೊದಲು ಕಿಟಕಿ ತಟ್ಟಿ ಕರೆದ. ಆಮೇಲೆ ಬಿಟ್ಟ.

ಅಕ್ಟೋಬರ್ ಕೊನೆಗೆ, ಪ್ರತಿ ಚಳಿಗಾಲದ ಪದ್ಧತಿಯಂತೆ, ಊರಿನವರೆಲ್ಲ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದರು. ಶೆಟ್ಲೆಂಡಿನ ಚಳಿಗಾಲ ಗೊತ್ತಿದ್ದವರಿಗೆ ಗೊತ್ತು. ಕತ್ತಲಲ್ಲಿ ಎದ್ದು ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲಿ ಮನೆಗೆ ಬರುವುದು. ನಡುವೆ ದಕ್ಷಿಣದ ಗುಡ್ಡದ ಮೇಲೆ ಸೂರ್ಯ ಗೇಣುದ್ದ ಏರಿ, ಮುಖ ತೋರಿಸಿದ ಶಾಸ್ತ್ರ ಮಾಡಿ ಇಳಿದುಹೋಗುತ್ತಾನೆ. ವಿಲ್ಮಾಳ ಕಾರ್ಯಾಗಾರಕ್ಕೆ ಇದ್ದದ್ದು ಉತ್ತರಕ್ಕೊಂದೇ ಕಿಟಕಿ. ಅದಕ್ಕೂ ಎದುರು ಗೋಡೆ. ಚಳಿಗಾಲದಲ್ಲಿ ಅವಳಿಗೆ ಸ್ವಲ್ಪ ಮಂಕು ಕವಿಯುವುದು ಹೊಸದಲ್ಲ. ಅವಳ ತಾಯಿಗೂ ಇತ್ತು. ಅದಕ್ಕೆ ಮನೆಯಲ್ಲಿ ಯಾರೂ ಹೆಸರಿಟ್ಟಿರಲಿಲ್ಲ. "ಅಮ್ಮ ಇವತ್ತು ಗೋಡೆ ಕಡೆ ತಿರುಗಿದಾಳೆ," ಎನ್ನುತ್ತಿದ್ದರು, ಅಷ್ಟೆ.

ಈ ಸಲ ಮಂಕು ಬಂದು ಕೂತೇಬಿಟ್ಟಿತು. ಬೆಳಿಗ್ಗೆ ಏಳಲು ಮೈ ಬಾರದು. ಎದ್ದರೆ ಬ್ರೆಡ್ಡು ಸುಟ್ಟುಕೊಂಡು ಬೆಣ್ಣೆ ಬಳಿದು ಒಂದಾದ ಮೇಲೊಂದು ತಿನ್ನುವಳು, ಹಸಿವಿಲ್ಲದಿದ್ದರೂ. ಹತ್ತಿರದ ಟಿಂಗ್‌ವಾಲ್ ಊರಿನ ಒಬ್ಬ ಹೆಂಗಸು ಕೊಟ್ಟುಹೋಗಿದ್ದ, ಒರಗಿಗೆ ಎರಡೂ ಬದಿ ರೆಕ್ಕೆಯಿದ್ದ ರೆಕ್ಕೆಕುರ್ಚಿ, ಮೆತ್ತೆ ಬಟ್ಟೆ ಕಿತ್ತ ಅಸ್ಥಿಪಂಜರವಾಗಿ ಮೂಲೆಯಲ್ಲಿ ನಿಂತೇ ಇತ್ತು. ಅದನ್ನು ನೋಡಿದರೆ ಅಳು ಬರುವುದು. ಕುರ್ಚಿಗೆ ಅಳುವುದೇ ಎಂದು ನಾಚಿಕೆಯಾಗಿ ಇನ್ನಷ್ಟು ಅಳು.

ಜೊತೆಗೆ, ಹೋಯಿತೆಂದುಕೊಂಡಿದ್ದ ಸಿಗರೇಟಿನ ಆಸೆ ಹಿಂದಿನ ಬಾಗಿಲಿನಿಂದ ಒಳಗೆ ಬಂತು. ಚಹಾ ಕುಡಿದಾಗ ಬರುತ್ತಿತ್ತು. ಫೋನು ಕಿವಿಗಿಟ್ಟಾಗ ಬರುತ್ತಿತ್ತು. ವೇಪ್ ಎಳೆದರೆ ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಕೈ ತನ್ನಷ್ಟಕ್ಕೆ ಕೋಟಿನ ಜೇಬು ತಡಕುವುದು. ಎಳೆದು ಎಳೆದು ಕೋಣೆಯೆಲ್ಲ ಸಿಹಿ ಹೊಗೆ. ಒಂದು ದಿನ ಚರ್ಚಿನ ಮೆತ್ತೆಗಳನ್ನು ಒಯ್ಯಲು ಬಂದ ಪಾದ್ರಿ ಅವನ್ನು ಮೂಸಿ ನೋಡಿ, ಇಲ್ಲಿ ಯಾರಾದರೂ ಕೇಕು ಮಾಡಿದರಾ ಎಂದು ಕೇಳಿದರು.

"ಎಲ್ಲ ಈ ವೇಪ್ ಅನ್ನೋ ಪೀಪಿಯಿಂದಲೇ ಆಗಿದ್ದು," ಎಂದಳು ವಿಲ್ಮಾ ಸಂಜೆ ಊಟದ ಮೇಜಿನಲ್ಲಿ. "ಸಿಗರೇಟು ಸೇದ್ತಿದ್ದಾಗ ಚಳಿಗಾಲ ಇಷ್ಟು ಕೆಟ್ಟದಾಗಿರ್ಲಿಲ್ಲ. ಅದೇ ನನ್ನನ್ನ ಹಿಡಿದಿಟ್ಟಿತ್ತು ಅನ್ಸತ್ತೆ."

ಟ್ಯಾಮಿ ಮಾತಿನ ಮನುಷ್ಯನಲ್ಲ. ಒಣಮಾಂಸದ ಸೂಪನ್ನು ಅವಳ ಬಟ್ಟಲಿಗೆ ಇನ್ನೊಂದು ಸೌಟು ಬಡಿಸಿದ. "ಡಾಕ್ಟರ ಹತ್ರ ಹೋಗಿ ಬಾ," ಎಂದ. "ನಾನೇ ಕರ್ಕೊಂಡು ಹೋಗ್ತೀನಿ. ಬೇಕಾದ್ರೆ ಹೊರಗೇ ಕೂತಿರ್ತೀನಿ."

ಡಾಕ್ಟರಮ್ಮ ನಿಧಾನವಾಗಿ ಕೇಳಿದರು. ನಿದ್ದೆ, ಊಟ, ಅಳು. ಬದುಕು ಬೇಡವೆನಿಸುತ್ತದೆಯೇ ಎಂದೂ ಕೇಳಿದರು. ಅಷ್ಟು ದೂರ ಹೋಗಿಲ್ಲ, ಬರೀ ಫೆಬ್ರವರಿಯವರೆಗೆ ಮಲಗಿಬಿಡಬೇಕೆನಿಸುತ್ತದೆ ಎಂದಳು ವಿಲ್ಮಾ. ಸಿಗರೇಟು ಬಿಟ್ಟ ಮೇಲೆ ಕೆಲವರಿಗೆ ಮನಸ್ಸು ಕುಗ್ಗುವುದುಂಟು, ಅದಕ್ಕೆ ಕತ್ತಲೂ ಸೇರಿಕೊಂಡಿದೆ, ಹೆದರಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಮಾತ್ರೆ ಬರೆಯಲೇ ಎಂದರು. ಬೇಡವೆಂದಳು. ಹಾಗಾದರೆ ಬಿಸಿಲಿನ ಬದಲಿಗೆ ಬೆಳಿಗ್ಗೆ ಎದುರಿಗಿಟ್ಟುಕೊಂಡು ಕೂರುವ ಪ್ರಖರ ದೀಪವೊಂದು ಸಿಗುತ್ತದೆ, ಅದನ್ನಾದರೂ ತನ್ನಿ, ಮತ್ತೆ ಬಂದು ನನ್ನನ್ನು ಕಾಣಿ ಎಂದರು.

ಟ್ಯಾಮಿ ದೀಪ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಅದನ್ನು ಹಚ್ಚಿದರೆ ತಿಂಡಿ ತಿನ್ನುವುದು ಆಪರೇಷನ್ ಕೋಣೆಯಲ್ಲಿ ಕೂತು ತಿಂದ ಹಾಗೆ. ಮನೆಯ ಬೆಕ್ಕಿಗೆ ಮಾತ್ರ ಅದು ಬಹಳ ಹಿಡಿಸಿತು. ವಿಲ್ಮಾ ಕೂರುವ ಮೊದಲೇ ದೀಪಕ್ಕೆ ಅಡ್ಡವಾಗಿ ಕೂತು ಕಣ್ಣು ಮುಚ್ಚಿಕೊಳ್ಳುವುದು.

"ನಿನಗಿಂತ ಬೆಕ್ಕೇ ಗೆಲುವಾಗಿದೆ," ಎಂದ ಟ್ಯಾಮಿ.

"ಅದು ಸಿಗರೇಟು ಬಿಟ್ಟಿಲ್ಲ," ಎಂದಳು ವಿಲ್ಮಾ. ಬಹಳ ದಿನಗಳ ಮೇಲೆ ಅವಳ ಬಾಯಿಂದ ಬಂದ ಹಾಸ್ಯವೆಂದು ಟ್ಯಾಮಿಗೆ ಅನಿಸಿತು. ದೀಪದಿಂದ ಒಂದಿಷ್ಟು ಉಪಯೋಗವಾಯಿತು ಎನ್ನಬೇಕು. ಏಳುವುದು ಸ್ವಲ್ಪ ಸುಲಭವಾಯಿತು. ಆದರೆ ರೆಕ್ಕೆಕುರ್ಚಿ ಮೂಲೆ ಬಿಟ್ಟು ಕದಲಲಿಲ್ಲ.

ಕ್ರಿಸ್‌ಮಸ್ ಕಳೆದು ಕೆಲಸ ಮತ್ತೆ ಶುರುವಾದ ದಿನ ವಿಲ್ಮಾಗೆ ತಡೆಯಲಾಗಲಿಲ್ಲ. ವೇಪ್‌ನ ಬ್ಯಾಟರಿ ಸತ್ತಿತ್ತು. ಚಾರ್ಜರ್ ಮನೆಯಲ್ಲಿ. ಎರಡು ಗಂಟೆ ಹೇಗೋ ಹಲ್ಲು ಕಚ್ಚಿ ಕೂತವಳು ಮಧ್ಯಾಹ್ನ ಕೋಟು ಹಾಕಿಕೊಂಡು ನೆಟ್ಟಗೆ ಗೋಡೆಯ ಬಳಿ ಹೋದಳು. ಮ್ಯಾನ್ಸಿ ಅಲ್ಲೇ ಇದ್ದ.

"ಒಂದು ಕೊಡು."

"ಕೊಡಲ್ಲ."

"ಮ್ಯಾನ್ಸಿ, ಕೊಡು ಅಂದೆ."

"ನಿನ್ನ ಗಂಡ ನನಗೆ ಬ್ರೆಡ್ ಕೊಡೋದು ನಿಲ್ಲಿಸ್ತಾನೆ."

"ಕೊಡದಿದ್ರೆ ನಿನ್ನ ದೋಣಿ ಸೀಟಿಗೆ ಮೊಳೆ ಮೇಲ್ಮುಖವಾಗಿ ಹೊಡೀತೀನಿ."

ಮುದುಕ ಅವಳ ಮುಖ ನೋಡಿದ. ತಮಾಷೆ ಮಾಡುವ ಮುಖವಾಗಿರಲಿಲ್ಲ ಅದು. ಪೊಟ್ಟಣ ಚಾಚಿದ, ಅಂಗೈ ಅಡ್ಡ ಹಿಡಿದು ಬೆಂಕಿ ಕೊಟ್ಟ.

ಮೊದಲ ಎಳೆತಕ್ಕೆ ತಲೆ ಗಿರ್ರೆಂದಿತು. ಎರಡನೆಯದಕ್ಕೆ ಗೋಡೆಗೆ ಒರಗಿಕೊಂಡಳು. ಹಿಂದಿನ ದಿನ ಬಿದ್ದ ಹಿಮ ಎದುರಿನ ಬ್ರೆಸೇ ದ್ವೀಪದ ಮೇಲೆ ಹಾಗೇ ಉಳಿದಿತ್ತು. ಗುಡ್ಡದ ಮೇಲಿನ ಸೂರ್ಯ ಅಡ್ಡಡ್ಡ ಬಂದು ಅವಳ ಬಲಗೆನ್ನೆಗೆ ತಾಗುತ್ತಿದ್ದ. ನೀರಿನಲ್ಲಿ ಒಂದು ಸೀಲ್ ಪ್ರಾಣಿ ಬೋಳುತಲೆ ಎತ್ತಿ ಇಬ್ಬರನ್ನೂ ದಿಟ್ಟಿಸಿತು.

"ಎಲ್ಲಿ ಹೋಗಿದ್ದೆ ಇಷ್ಟು ದಿನ?" ಎಂದು ಕೇಳಿದ ಮ್ಯಾನ್ಸಿ.

"ಒಳಗೇ ಇದ್ದೆ."

"ಅದು ಗೊತ್ತು. ಎಲ್ಲಿ ಹೋಗಿದ್ದೆ ಅಂತ ಕೇಳ್ದೆ."

ವಿಲ್ಮಾ ಹೇಳಿದಳು. ಕುರ್ಚಿಯ ಮುಂದೆ ಅತ್ತದ್ದನ್ನೂ ಹೇಳಿದಳು. ಮ್ಯಾನ್ಸಿ ನಗಲಿಲ್ಲ. ಹೆಂಡತಿ ಸತ್ತ ವರ್ಷ ತಾನೊಮ್ಮೆ ಇಂಜಿನ್ ಕೋಣೆಯಲ್ಲಿ ಸ್ಪಾನರ್ ಹಿಡಿದುಕೊಂಡು ಅದು ಯಾತಕ್ಕೆಂದು ಮರೆತು ನಿಂತುಬಿಟ್ಟಿದ್ದೆ ಎಂದ. ಆಮೇಲೆ ತನ್ನ ಸೊಸೆ ಹೊಸದಾಗಿ ಸಸ್ಯಾಹಾರಿಯಾಗಿ, ಕ್ರಿಸ್‌ಮಸ್ಸಿಗೆ ತನಗೆ ಹೂಕೋಸು ಬಡಿಸಿದ ಕತೆಯನ್ನು ಹೇಳಿದ. ಸಿಗರೇಟು ಅರ್ಧಕ್ಕೇ ಆರಿತ್ತು. ವಿಲ್ಮಾ ಅದನ್ನು ಗಮನಿಸಲಿಲ್ಲ.

ಸಂಜೆ ಕೆಲಸ ಮುಗಿಸಿ ಮನೆಗೆ ಬಂದ ಟ್ಯಾಮಿ ಬಾಗಿಲು ತೆಗೆದ ಕೂಡಲೇ ವಾಸನೆ ಹಿಡಿದ. ಅವಳು ಬೈಗುಳಕ್ಕೆ ಸಿದ್ಧಳಾಗಿದ್ದಳು.

"ಸೇದಿದೆ," ಎಂದಳು.

"ಸರಿ," ಎಂದ. "ಎಲ್ಲಿ?"

ಅವಳು ಹೇಳತೊಡಗಿದಳು. ಹಿಮದ ಬಣ್ಣ, ಸೀಲು, ಹೂಕೋಸು ಎದುರಿಗಿಟ್ಟುಕೊಂಡ ಮ್ಯಾನ್ಸಿಯ ಮುಖ, ಗೋಡೆಯ ಕಲ್ಲು ಬಿಸಿಲಿಗೆ ಬೆಚ್ಚಗಿದ್ದದ್ದು, ಅಥವಾ ಬೆಚ್ಚಗಿತ್ತೆಂದು ತನಗನಿಸಿದ್ದು. ಟ್ಯಾಮಿ ಬೂಟು ಬಿಚ್ಚುವುದನ್ನು ನಿಲ್ಲಿಸಿ ಕೇಳಿದ. ಅವಳು ಸುಮ್ಮನಾದ ಮೇಲೆ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಹೇಳಿದ.

"ಸಿಗರೇಟಿನ ವಿಷಯ ಒಂದು ಮಾತೂ ಆಡ್ಲಿಲ್ಲ ನೀನು."

"ಅಂದ್ರೆ?"

"ಹೇಗಿತ್ತು ಅದು?"

ವಿಲ್ಮಾ ಯೋಚಿಸಿದಳು. "ಹಳೆ ಸಾಕ್ಸಿನ ಹಾಗಿತ್ತು," ಎಂದಳು.

"ಮತ್ತೆ ಹೊರಗೆ ಹೋಗೋಕೆ ಸಿಗರೇಟು ಯಾಕೆ ಬೇಕು? ಸುಮ್ನೆ ಹೋಗಿ ನಿಂತ್ಕೊ."

"ಸುಮ್ನೆ ಹೋಗಿ ನಿಂತ್ರೆ ಜನ ಏನಂದ್ಕೊತಾರೆ, ಟ್ಯಾಮಿ?"

"ಇಪ್ಪತ್ತು ವರ್ಷ ಹೊಗೆ ಬಿಡ್ತಾ ನಿಂತಿದ್ದಾಗ ಏನಂದ್ಕೊಂಡಿದ್ರು?"

ಅವಳಿಗೆ ನಗು ಬಂತು. ನಗುತ್ತಲೇ ತಾನು ಆಗಸ್ಟಿನಿಂದ ಹಗಲಿನ ಬೆಳಕಿಗೆ ಮುಖ ಕೊಟ್ಟಿದ್ದು ಎಷ್ಟು ಸಲವೆಂದು ನೆನೆದುಕೊಳ್ಳಲು ನೋಡಿದಳು. ನೆನಪಾಗಲಿಲ್ಲ. ಅವಳನ್ನು ದಿನಾ ಬೆಳಕಿಗೆ ಎಳೆದುಕೊಂಡು ಹೋಗುತ್ತಿದ್ದ ಆ ಸುಡುಗಾಡು ಸಿಗರೇಟನ್ನು ಬಿಟ್ಟಾಗ, ಬೆಳಕನ್ನೂ ಮುದುಕನನ್ನೂ ಅದರ ಜೊತೆಗೇ ಬಿಟ್ಟಿದ್ದಳು.

ಮರುದಿನ ಚಾರ್ಜು ತುಂಬಿದ ವೇಪ್ ಹಿಡಿದು ಗೋಡೆಯ ಬಳಿ ಹೋದಳು. ಮ್ಯಾನ್ಸಿ ಪೊಟ್ಟಣ ತೆಗೆಯಲು ಹೊರಟವನು ಅವಳು ಬೇಡವೆಂದು ತಲೆಯಾಡಿಸಿದ್ದು ಕಂಡು ಒಳಗಿಟ್ಟ.

"ಆ ಪಾಯಸಾನ ಗಾಳಿ ಬೀಸೋ ಕಡೆ ಊದು," ಎಂದ. "ನನ್ನ ಕೋಟು ಜಾತ್ರೆ ಮಿಠಾಯಿ ಅಂಗಡಿ ಥರ ನಾರೋದು ಬೇಡ."

"ನಿನ್ನ ಹೊಗೆ ನನ್ನ ಮುಖಕ್ಕೆ ಬರ್ತಿದೆ. ನೀನೇ ಆಚೆ ಕಡೆ ನಿಲ್ಲು. ನನಗೆ ಆಸೆ ಹುಟ್ಟತ್ತೆ."

ಮುದುಕ ಗೊಣಗುತ್ತಲೇ ಜಾಗ ಬದಲಿಸಿದ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಅದು ಸುಳ್ಳಾಗುತ್ತದೆ. ಜನವರಿಯಲ್ಲಿ ಬಿರುಗಾಳಿ ಎದ್ದು ಫೆರ್ರಿ ಹಡಗು ನಿಂತು, ಬಾಗಿಲು ತೆರೆಯಲಾಗದ ವಾರವೊಂದು ಬಂತು. ಆಗ ವಿಲ್ಮಾ ಮತ್ತೆ ಗೋಡೆ ಕಡೆ ತಿರುಗಿ ಮಲಗಿದಳು. ಗಾಳಿ ಇಳಿದ ಮೇಲೆ ತಾನಾಗೇ ಡಾಕ್ಟರಮ್ಮನಲ್ಲಿಗೆ ಹೋಗಿ, "ಆ ಮಾತ್ರೆ ಬರೆದುಕೊಡಿ," ಎಂದಳು. ಅವರು ಯಾಕೆ ಈಗ ಎಂದು ಕೇಳಲಿಲ್ಲ, ಬರೆದುಕೊಟ್ಟರು. ಅರ್ಧ ಸೇದಿ ಬಿಟ್ಟ ಸಿಗರೇಟಿನ ಬಗ್ಗೆಯೂ ಹೇಳಿದಳು. ಅದಕ್ಕೆ ಅವರು, ಅದರಿಂದ ಬಿಟ್ಟದ್ದೇನೂ ಅಳಿಸಿಹೋಗುವುದಿಲ್ಲ ಎಂದರು. ಆಸೆ ಕೆಣಕಿದಾಗ ಕೈಗೇನಾದರೂ ಕೆಲಸ ಕೊಡಿ ಎಂದೂ ಹೇಳಿದರು. ಕೈಗೆ ಕೆಲಸ ಬೇಕಾದಷ್ಟಿತ್ತು.

ಫೆಬ್ರವರಿಯಲ್ಲಿ ರೆಕ್ಕೆಕುರ್ಚಿಯನ್ನು ಮುಗಿಸಿದಳು. ಸಾಸಿವೆ ಹೂವಿನ ಬಣ್ಣದ ಉಣ್ಣೆ ಬಟ್ಟೆ. ಟಿಂಗ್‌ವಾಲ್‌ನ ಹೆಂಗಸು ಬಂದು ಕೂತು ನೋಡಿ, ಇಷ್ಟು ತಡವಾಯಿತೆಂದು ಬೈಯಬೇಕೆಂದು ಬಂದಿದ್ದೆ, ಈಗ ಏಳಲು ಮನಸ್ಸಿಲ್ಲ ಎಂದಳು.

ಮಾರ್ಚ್‌ನಲ್ಲಿ ಮ್ಯಾನ್ಸಿಗೆ ಸೊಂಟದ ಆಪರೇಷನ್ ಆಯಿತು. ಕಡಲಾಚೆಯ ಅಬರ್ಡೀನಿನ ಆಸ್ಪತ್ರೆಯಿಂದ ದಿನಾ ಮಧ್ಯಾಹ್ನ ಅವಳಿಗೆ ಫೋನು ಮಾಡುವನು. ಒಳಗೆ ಸೇದಲು ಬಿಡುವುದಿಲ್ಲ, ಹೊರಗೆ ಹೋಗಲು ಕಾಲಿಲ್ಲ, ಹುಚ್ಚು ಹಿಡಿಯುತ್ತಿದೆ ಎಂದು ಅವನ ಗೋಳು.

"ನರ್ಸ್ ಸಿಗರೇಟಿನ ಆಸೆ ತಗ್ಗಿಸೋ ಒಂದು ಪಟ್ಟಿ ಅಂಟಿಸಿದಾಳೆ ತೋಳಿಗೆ. ಅದರಲ್ಲಿ ರುಚಿ ಇಲ್ಲ, ಏನಿಲ್ಲ. ನೀನೆಲ್ಲಿದೀಯ ಈಗ?"

"ಗೋಡೆ ಹತ್ರ."

"ಒಬ್ಬಳೇ?"

"ಒಬ್ಬಳೇ. ಬಿಸಿಲಿದೆ. ಆ ಕಡೆಯಿಂದ ಒಂದು ನಾರ್ವೆ ಹಡಗು ಒಳಗೆ ಬರ್ತಿದೆ."

"ಯಾವ ಬಣ್ಣ?"

"ಕೆಂಪು."

"ನಿಧಾನಕ್ಕೆ ಹೇಳೆ," ಎಂದ ಮ್ಯಾನ್ಸಿ. "ಊಟ ಬರೋವರೆಗೆ ನನಗೇನೂ ಕೆಲಸ ಇಲ್ಲ."

ವಿಲ್ಮಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಹಡಗು ಎಲ್ಲಿಯವರೆಗೆ ಬಂತೆಂದು ಹೇಳತೊಡಗಿದಳು.