ಅಪ್ಪನ ಅಂಗಿಯ ಅಳತೆ

ಹೋದ ವಾರ ನಮ್ಮ ಕಟ್ಟಡದ ಕೆಳಗೆ ಇಸ್ತ್ರಿಯವನು ಒಂದು ಬಿಳಿ ಅಂಗಿಯ ಮೇಲೆ ನೀರು ಚಿಮುಕಿಸಿ ಕಾದ ಪೆಟ್ಟಿಗೆ ಇಟ್ಟ. ಒದ್ದೆ ಕಾಟನ್ ಬಟ್ಟೆಯಿಂದ ಹಬೆ ಎದ್ದಾಗ ಒಂದು ವಾಸನೆ ಬರುತ್ತದಲ್ಲ... ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅದು ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿದ್ದ ಟೇಲರ್ ಕಾಕಾನ ಅಂಗಡಿಯ ವಾಸನೆ.

ಕಾಕಾ ನಮಗೆ ಸಂಬಂಧಿಕರೇನಲ್ಲ. ಅವರು ಬೀದರ ಕಡೆಯವರು, ನಾವು ಕಲಬುರಗಿ ಕಡೆಯವರು. ಊರು ಬಿಟ್ಟು ಬಂದವರಿಗೆ ಅಷ್ಟು ಸಾಕಾಗುತ್ತಿತ್ತು. ಮಿಲಿಟರಿ ಸಾಹೇಬರಿಗೆ ಅಂಗಿ ಹೊಲಿದು ಪಳಗಿದ ಕೈ ಅವರದು. ಪಟ್ಟಿಪಟ್ಟಿ ಬಟ್ಟೆಯಾದರೆ ಎದೆಯ ಮೇಲಿನ ಗೆರೆ ಜೇಬಿನ ಮೇಲೂ ಹಾಗೇ ಇಳಿಯುತ್ತಿತ್ತು, ಜೇಬು ಎಲ್ಲಿದೆ ಅಂತ ಹುಡುಕಬೇಕು. ಕಾಲರಿನ ಎರಡು ತುದಿಗಳನ್ನು ಸೂಜಿಯಿಂದ ಹೊರಗೆ ಎಳೆದು, ಒಂದರ ಮೇಲೊಂದು ಇಟ್ಟು ನೋಡಿ, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಅಳತೆ ಮಾತ್ರ ಒಂದೇ ಸಲ. "ಎರಡ್ ಸಲ ಟೇಪ್ ಹಿಡಿಯೂದಂದ್ರ ಮೊದಲ್ನೇ ಸಲ ಕಣ್ಣ ಮುಚ್ಚಿ ಅಳದಾನಂತ ಅರ್ಥ" ಅನ್ನುತ್ತಿದ್ದರು. ಆ ವಿಷಯದಲ್ಲಿ ಕಾಕಾನಿಗೆ ಸ್ವಲ್ಪ ಜಂಭವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾನು ಹತ್ತೊಂಬತ್ತರ ಹುಡುಗಿ, ಪುಣೆಯದೇ ಇನ್ನೊಂದು ಭಾಗವಾದ ಖಡಕಿಯ ನಮ್ಮ ಮನೆಯಿಂದ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ. ಅಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ತಗಡು ಒತ್ತುವ ಪ್ರೆಸ್ ಮಷಿನ್ ನಡೆಸುತ್ತಿದ್ದ. ಒಂದು ಮಧ್ಯಾಹ್ನ ಆ ಮಷಿನ್ ಅವನ ಬಲಗೈಯ ನಾಲ್ಕೂ ಬೆರಳು ತೆಗೆದುಕೊಂಡಿತು. ಹೆಬ್ಬೆರಳೊಂದು ಉಳಿಯಿತು. ಗಾಯ ಮಾಗಿದ ಮೇಲೆ ಮಾಲೀಕರು ಗೇಟಿನ ಹತ್ತಿರ ಹಾಜರಿ ನೋಡುವ ಕೆಲಸ ಕೊಡುತ್ತೇವೆ, ತುಂಬುತೋಳಿನ ಅಂಗಿ ಹಾಕಿಕೊಂಡು ನೀಟಾಗಿ ಒಂದನೇ ತಾರೀಖಿಗೆ ಬಾ ಅಂದರು.

ನಾವೆಲ್ಲ ಬದುಕಿದೆವು ಅಂದುಕೊಂಡೆವು. ಆದರೆ ಹಾಕಿಕೊಂಡು ನೋಡಲೆಂದು ಅವ್ವ ಹಳೇ ಅಂಗಿಯ ಗುಂಡಿ ಹಾಕುವಾಗ ಅಪ್ಪ ಮೇಲೆ ತೊಲೆ ನೋಡುತ್ತಾ ನಿಂತ. ಕೊನೆಯ ಗುಂಡಿ ಮುಗಿಯುವ ಮೊದಲೇ, "ಬಿಡು. ನಾ ಹೋಗೂದಿಲ್ಲ. ಕೂಸಿನ್ಹಂಗ ಹೆಂಡ್ತಿ ಕಡಿಂದ ಉಡಿಸ್ಕೊಂಡು ಕೆಲಸಕ್ಕ ಹೋಗ್ಲ್ಯಾ?" ಅಂದ. ಆ ದನಿ ಕೇಳಿ ಅವ್ವ ಅಡುಗೆ ಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ನಾನು ಕ್ಯಾಂಪಿಗೆ ಓಡಿದೆ. ಕಾಕಾ ಎಲ್ಲ ಕೇಳಿಸಿಕೊಂಡರು. ಭಾನುವಾರ ತಾವೇ ಮನೆಗೆ ಬಂದು ಅಪ್ಪನ ಅಳತೆ ತೆಗೆದುಕೊಂಡು ಹೋದರು. ಆಮೇಲೆ ನಾಲ್ಕು ದಿನ ತಮ್ಮ ಬಲಗೈಗೆ ಬಟ್ಟೆ ಸುತ್ತಿಕೊಂಡು ಬರೀ ಎಡಗೈಯಿಂದ ಗುಂಡಿ ಹಾಕುತ್ತಾ ಕೂತಿದ್ದರಂತೆ, ಗಿರಾಕಿಗಳೆಲ್ಲ ನಕ್ಕರಂತೆ.

ಅಂಗಿ ಬಂತು. ತಿಳಿನೀಲಿ, ಸಣ್ಣ ಬಿಳಿ ಗೆರೆ. ಅಪ್ಪ ತೊಟ್ಟು, ಎಡಗೈಯಿಂದ ಒಂದು ಗುಂಡಿ ಹಾಕಿದ. ಇನ್ನೊಂದು. ಮತ್ತೊಂದು... ಎದೆಯ ಮೇಲಿನ ಎಲ್ಲವನ್ನೂ ಹಾಕಿದ! ಅವ್ವನ ಕಣ್ಣಲ್ಲಿ ನೀರು. ಆಗ ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. "ಅಯ್ಯ ಅಪ್ಪಾ, ಕಾಜಾ ಬಲಕ್ಕ, ಗುಂಡಿ ಎಡಕ್ಕ. ಇದು ಹೆಣ್ಮಕ್ಕಳ ಅಂಗಿ ಆತಲ್ಲ!" ಅಂತ ನಕ್ಕುಬಿಟ್ಟೆ.

ಅಪ್ಪನ ಮುಖ ಸಪ್ಪಗಾಯಿತು. ಎಡಗೈಗೆ ಸುಲಭವಾಗಲಿ ಅಂತ ಕಾಕಾ ಗುಂಡಿಯ ಪಟ್ಟಿ, ಕಾಜಾ ತೂತಿನ ಪಟ್ಟಿ ಅದಲುಬದಲು ಮಾಡಿದ್ದರು ಅಂತ ನನಗೆ ಹೊಳೆಯುವಷ್ಟರಲ್ಲಿ ಅಪ್ಪ ಹಾಕಿದ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅಂಗಿ ಮಡಚಿ ನನ್ನ ಕೈಗೆ ಕೊಟ್ಟು ಗೋಡೆ ಕಡೆ ತಿರುಗಿ ಮಲಗಿದ. ಒಂದನೇ ತಾರೀಖಿಗೆ ಇನ್ನು ಆರೇ ದಿನ.

ಮರುದಿನ ಕಾಕಾನ ಎದುರು ನಿಂತಾಗ ನಿಜ ಹೇಳುವ ಧೈರ್ಯ ಬರಲಿಲ್ಲ. "ಅಳತಿ ಸರಿ ಆಗಿಲ್ಲ ಕಾಕಾ. ಎದಿಗೆ ಬಿಗಿ ಆಗ್ಯಾದ" ಅಂದೆ. ಯಾರಿಗೆ ಏನು ಹೇಳುತ್ತಿದ್ದೇನೆ ಅಂತ ಗೊತ್ತಿದ್ದೂ ಹೇಳಿದೆ.

ಕಾಕಾ ಅಂಗಿಯನ್ನೂ ನನ್ನನ್ನೂ ನೋಡಿದರು. ಸಂಜೆ ಅಂಗಡಿ ಮುಚ್ಚಿ ನನ್ನ ಜೊತೆ ಖಡಕಿಗೆ ಬಂದರು. ಹೊಸಿಲು ದಾಟುತ್ತಲೇ, "ಅಣ್ಣಾರ, ಏಳ್ರಿ. ನಂದ ತಪ್ಪಾಗ್ಯಾದ, ಇನ್ನೊಮ್ಮಿ ಅಳೀಬೇಕು" ಅಂದರು. ಜೀವನದಲ್ಲಿ ಎರಡನೇ ಸಲ ಟೇಪು ಹಿಡಿಯದ ಮನುಷ್ಯ, ನನ್ನ ಕಣ್ಣೆದುರಿಗೇ ಅಪ್ಪನ ಎದೆಗೆ ಮತ್ತೆ ಟೇಪು ಸುತ್ತಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಮಾತ್ರ ಅಳೆಯುತ್ತಾ ಅಳೆಯುತ್ತಾ ಅಪ್ಪನ ಜೊತೆ ಊರಿನ ಜೋಳ, ಇಲ್ಲಿಯ ನೀರು ಅಂತ ಹರಟುತ್ತಾ ಕೂತರು. ಎಷ್ಟೋ ದಿನದ ಮೇಲೆ ಅಪ್ಪ ಎದ್ದು ಕೂತು ಮಾತಾಡಿದ.

ಎರಡನೇ ಅಂಗಿ ಅದೇ ಬಟ್ಟೆಯದು, ಗಂಡಸರ ಪಟ್ಟಿಯದು. ಕೆಳಗಿನ ಗುಂಡಿಗಳೆಲ್ಲ ಸೋಗು, ಪಟ್ಟಿಯನ್ನು ಮುಚ್ಚಿ ಹೊಲಿದು ಅದರ ಮೇಲೆ ಕೂರಿಸಿದ್ದು. ತಲೆ ಮೇಲಿಂದ ಇಳಿಸಿಕೊಂಡರಾಯಿತು. ಮೇಲಿನ ಎರಡು ಗುಂಡಿಗೆ ಮಾತ್ರ ಕಾಜಾ ದೊಡ್ಡದು, ಗುಂಡಿ ಹಿಡಿದ ದಾರದ ಕುತ್ತಿಗೆ ಉದ್ದ, ಒತ್ತಿದರೆ ಹೋಗುವಂತೆ. ಎಡತೋಳಿನ ತುದಿಯ ಕಫ್‌ಪಟ್ಟಿಯ ಗುಂಡಿಯನ್ನು ಒಳಗಡೆ ಇಲಾಸ್ಟಿಕ್ಕಿನಿಂದ ಕೂರಿಸಿದ್ದರು, ಗುಂಡಿ ಹಾಕಿದ್ದಂತೆಯೇ ಕೈ ಒಳಗೆ ಹೋಗುತ್ತಿತ್ತು. ಬಲಗೈಯದನ್ನು ಎಡಗೈ ನೋಡಿಕೊಳ್ಳುತ್ತಿತ್ತು. "ಬೀದಿಗೆ ಬಂದ ಮ್ಯಾಲ ಸಾಹೇಬರ ಅಂಗಿ ಯಾವುದು, ನಿಮ್ದು ಯಾವುದು, ನನಗ ಸೈತ ತಿಳಿಯೂದಿಲ್ರಿ" ಅಂದರು ಕಾಕಾ.

ಒಂದನೇ ತಾರೀಖು ಬೆಳಗ್ಗೆ ಅಪ್ಪ ಕೋಣೆಯ ಬಾಗಿಲು ಹಾಕಿಕೊಂಡ. ನಾನೂ ಅವ್ವನೂ ಹೊರಗೆ ಉಸಿರು ಬಿಗಿಹಿಡಿದು ನಿಂತೆವು. ಬಾಗಿಲು ತೆರೆದು ಬಂದವನು ಹೊಸ ಅಂಗಿಯಲ್ಲಿ ಗರಿಗರಿಯಾಗಿದ್ದ. "ಏನ್ ನೋಡ್ತೀರಿ? ಹೊತ್ತಾಗ್ಯಾದ, ಡಬ್ಬಿ ಕೊಡ್ರಿ" ಅಂದ. ಅವನು ರಸ್ತೆ ತಿರುವಿನಲ್ಲಿ ಮರೆಯಾದ ಮೇಲೆ ನಾವಿಬ್ಬರೂ ಹೊಸಿಲ ಮೇಲೆ ಕುಸಿದು ಕೂತು ಸಾಕಾಗುವಷ್ಟು ನಕ್ಕೆವು, ಅತ್ತೆವು.

ಅಪ್ಪ ಆ ಗೇಟಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ. ನನ್ನ ಸುಳ್ಳು ಮಾತ್ರ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನ ಹಾಗೆ ಉಳಿದುಕೊಂಡಿತು. ಎಂಬತ್ತರ ದಶಕದಲ್ಲಿ ನನ್ನ ಮದುವೆ ಪತ್ರಿಕೆ ಕೊಡಲು ಕ್ಯಾಂಪಿಗೆ ಹೋದಾಗ ಕಾಕಾನ ಕಣ್ಣಿಗೆ ಪೊರೆ ಬಂದಿತ್ತು. ಕತ್ತರಿ ಹಿಡಿಯುವುದು ಬಿಟ್ಟಿದ್ದರು, ಆದರೂ ಅಂಗಡಿಯಲ್ಲೇ ಕೂತಿದ್ದರು. ಇನ್ನು ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ. ಅಳತೆ ಬಿಗಿಯಾಗಿರಲಿಲ್ಲ ಕಾಕಾ, ನಾನು ನಕ್ಕಿದ್ದೆ ಅಂದೆ.

"ನನಗ ಗೊತ್ತಿತ್ತವ್ವ" ಅಂದರು. "ಎರಡ್ನೇ ಸಲ ಅಳದಾಗ ಟೇಪಿನ ಮ್ಯಾಲ ಅದ ಅಂಕಿ ಬಂತು. ಆದ್ರ ತಪ್ಪು ನಂದೂ ಇತ್ತು. ನಾ ಬರೇ ಕೈ ನೋಡಿದ್ದೆ, ನಿಮ್ಮಪ್ಪನ್ನ ನೋಡಿದ್ದಿಲ್ಲ. ಅದಕ್ಕ ಬಂದು ಕೂತಿದ್ದೆ."

ಮರುವರ್ಷ ಕಾಕಾ ಹೋದರು. ಈಗ ಅಪ್ಪನೂ ಇಲ್ಲ, ಅಂಗಡಿಯ ಜಾಗದಲ್ಲಿ ಮೊಬೈಲ್ ಮಾರುತ್ತಾರೆ. ಆದರೂ ಆ ದಿನ ಪತ್ರಿಕೆಯನ್ನು ಬೇರೆ ಯಾರ ಕೈಯಲ್ಲೋ ಕಳಿಸದೆ ನಾನೇ ಹೋಗಿ, ಕಾಕಾ ಇರುವಾಗಲೇ ನಿಜ ಹೇಳಿದೆನಲ್ಲ... ಅಷ್ಟರಿಂದ ನಾನು ಬಚಾವಾದೆ.